ಗಾಳದ ಸೀಸ, ಕೋವಿಯ ಸೀಸ: ನಿಷೇಧ ನಮಗೂ ಬೇಕಾ?

ಬೈನಾ ಗಾಳದವ (ವಾಸ್ಕೋ)

ಎಲ್ಲರಿಗೂ ನಮಸ್ಕಾರ. ಊರು ಹಾವೇರಿ ಕಡೆ, ವಾಸ್ಕೋಗೆ ಬಂದು ಹದಿನಾಲ್ಕು ವರ್ಷ ಆಯಿತು. ಬಂದರಿನಲ್ಲಿ ಕೆಲಸ. ಭಾನುವಾರ ರಜೆ ಸಿಕ್ಕರೆ ಸಡಾ ಕಡೆ ಬಂಡೆ ಮೇಲೆ ಗಾಳ ಹಾಕಿ ಕೂರುತ್ತೇನೆ. ಅದೇ ನನ್ನ ಸಂತೆ, ಅದೇ ನನ್ನ ಜಾತ್ರೆ.

ವಿಷಯಕ್ಕೆ ಬರುತ್ತೇನೆ. ನಮ್ಮ ಹುಡುಗನಿಗೆ ಆರು ವರ್ಷ. ಎರಡು ತಿಂಗಳಿಂದ ಹೊಟ್ಟೆನೋವು, ಊಟ ಸೇರಲ್ಲ, ಎಲ್ಲದಕ್ಕೂ ರೇಗಾಟ. ಒಂದು ಕಡೆ ಜಂತಿನ ಮಾತ್ರೆ ಕೊಟ್ಟರು. ಇನ್ನೊಂದು ಕಡೆ ಶಾಲೆ ತಪ್ಪಿಸಲು ನಾಟಕ ಅಂದರು. ಮೂರನೇ ಕಡೆ ಡಾಕ್ಟರಮ್ಮ ನನ್ನ ಕೈ ನೋಡಿದರು. ಉಗುರಿನ ಸಂದಿಯಲ್ಲಿ ಕಪ್ಪು. "ಬ್ಯಾಟರಿ ಕೆಲಸ ಮಾಡ್ತೀರಾ?" ಅಂದರು. ಇಲ್ಲ ಮೇಡಂ, ಗಾಳದ ದಾರ ಮುಳುಗಿಸುವ ಸೀಸದ ಗುಂಡು ಎರಕ ಹಾಕ್ತೇನೆ ಅಂದೆ. ತಕ್ಷಣ ರಕ್ತದಲ್ಲಿ ಸೀಸ ನೋಡಿಸಿ ಅಂತ ಬರೆದರು. ಹುಡುಗನಿಗೆ ಬಂದಿದ್ದು ಡೆಸಿಲೀಟರಿಗೆ 14 ಮೈಕ್ರೋಗ್ರಾಂ.

ಆವತ್ತಿನಿಂದ ರಾತ್ರಿ ಕೂತು ಓದುತ್ತಿದ್ದೇನೆ. ಯುರೋಪಿನಲ್ಲಿ ಬೇಟೆ, ಮೀನುಗಾರಿಕೆ, ಶೂಟಿಂಗ್ ಮೂರರಲ್ಲೂ ಸೀಸ ನಿಲ್ಲಿಸಬೇಕು ಅಂತ ದೊಡ್ಡ ಜಗಳವೇ ನಡೆದಿದೆ. ನಮ್ಮಲ್ಲಿ ಇದರ ಬಗ್ಗೆ ಯಾರಾದರೂ ಮಾತಾಡ್ತಿದ್ದಾರಾ? ನಿಮಗೆ ಏನನ್ನಿಸುತ್ತೆ ಹೇಳಿ. ಬೈಯುವುದಿದ್ದರೂ ಬೈಯಿರಿ, ಮನೆಯಲ್ಲಿ ಆಗಲೇ ಬೈಸಿಕೊಂಡಾಗಿದೆ.

ಪಣಜಿ ಗುಮಾಸ್ತ

ಮಗ ಬೇಗ ಹುಷಾರಾಗಲಿ ಅಣ್ಣ. ಆದರೆ ನಿಷೇಧದ ಮಾತು ಬಂದರೆ ನನಗೆ ನಗು ಬರುತ್ತೆ. ನಮ್ಮ ದೇಶದಲ್ಲಿ ಪೆಟ್ರೋಲಿನ ಸೀಸ 2000ದಲ್ಲಿ ಹೋಯಿತು. ಬಣ್ಣಕ್ಕೆ 2016ರ ನಿಯಮ ಇದೆ, 90 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ 90 ಭಾಗ) ದಾಟುವ ಹಾಗಿಲ್ಲ. ಉಳಿದಿದ್ದು ಬ್ಯಾಟರಿ. ಜಗತ್ತಿನ ಸೀಸದ ಮುಕ್ಕಾಲು ಪಾಲಿಗಿಂತ ಜಾಸ್ತಿ ಅದಕ್ಕೇ ಹೋಗುತ್ತೆ. ಗುಜರಿಯವರು ಹಿತ್ತಲಲ್ಲಿ ಬ್ಯಾಟರಿ ಒಡೆದು ಕರಗಿಸುವುದನ್ನು ಬಿಟ್ಟು, ಭಾನುವಾರ ಗಾಳ ಹಾಕುವವನ 50 ಗ್ರಾಂ ಗುಂಡು ಹಿಡಿಯೋಕೆ ಹೊರಟರೆ ಅದು ಆನೆ ಬಿಟ್ಟು ಇರುವೆ ಹಿಡಿದ ಹಾಗೆ.

ಬೇಟೆಗಂತೂ 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ನಮ್ಮಲ್ಲಿ ಅವಕಾಶ ಇಲ್ಲ. ಯುರೋಪಿನವರ ಜಗಳ ಯುರೋಪಿಗೆ.

ಹಕ್ಕಿ ಹಿಂದೆ (ಠಾಣೆ)

ಗುಮಾಸ್ತರೇ, ಆನೆ ಇರುವೆ ಲೆಕ್ಕ ಮಾಡೋಣ ಬನ್ನಿ. ಯುರೋಪಿನ ರಾಸಾಯನಿಕ ಸಂಸ್ಥೆಯ ಅಂದಾಜಿನಂತೆ ಅಲ್ಲಿ ವರ್ಷಕ್ಕೆ ಸುಮಾರು 44,000 ಟನ್ ಸೀಸ ನೆಲ, ನೀರಿಗೆ ಬೀಳುತ್ತೆ. ಅದರಲ್ಲಿ 57% ಕ್ರೀಡಾ ಶೂಟಿಂಗಿನದು, 32% ಬೇಟೆಯದು, 11% ಮೀನುಗಾರಿಕೆಯದು. ಬ್ಯಾಟರಿಯನ್ನು ವಾಪಸ್ ತಂದು ಕರಗಿಸಬಹುದು. ಅದನ್ನು ಕೊಳಕಾಗಿ ಮಾಡ್ತಾರೆ, ಒಪ್ಪಿದೆ. ಆದರೆ ಸಿಡಿದ ಚರೆ (ಕೋವಿಯ ಸಣ್ಣ ಸೀಸದ ಕಾಳು), ಬಂಡೆ ಸಂದಿಗೆ ಸಿಕ್ಕ ಗುಂಡು ವಾಪಸ್ ಬರಲ್ಲ. ಬಿಸಾಡೋದಕ್ಕೇ ಅಂತ ಸೀಸ ಬಳಸುವ ಕೆಲಸ ಇದೊಂದೇ ಇರಬೇಕು.

ಹಕ್ಕಿಗಳಿಗೆ ಹಲ್ಲಿಲ್ಲ, ಗೊತ್ತಲ್ವಾ. ಕಾಳು ಅರೆಯೋಕೆ ಸಣ್ಣ ಕಲ್ಲು ನುಂಗುತ್ತವೆ. ಕೆರೆ ತಳದಲ್ಲಿ ಬಿದ್ದ ಚರೆಗೂ ಕಲ್ಲಿಗೂ ಅವಕ್ಕೆ ವ್ಯತ್ಯಾಸ ಗೊತ್ತಾಗಲ್ಲ. ನುಂಗಿದ್ದು ಹೊಟ್ಟೆಯ ಆ ಚೀಲದಲ್ಲಿ ಕಲ್ಲಿನ ಜೊತೆ ತಿಕ್ಕಾಡಿ, ಆಮ್ಲಕ್ಕೆ ಕರಗಿ ರಕ್ತಕ್ಕೆ ಇಳಿಯುತ್ತೆ. ಕುತ್ತಿಗೆ ಎತ್ತೋಕೆ ಆಗಲ್ಲ, ರೆಕ್ಕೆ ಜೋತು ಬೀಳುತ್ತೆ, ಹೊಟ್ಟೆ ತುಂಬ ಮೇವಿದ್ದರೂ ಹಸಿವಿನಿಂದ ಸಾಯುತ್ತೆ. ಇಂಗ್ಲೆಂಡಿನ ಥೇಮ್ಸ್ ನದಿಯ ಹಂಸಗಳು ಸತ್ತಿದ್ದು ಹೀಗೇ. ಅಲ್ಲಿ ಕಾರಣ ಬೇಟೆ ಅಲ್ಲ, ಗಾಳದವರ ಸಣ್ಣ ಸೀಸದ ಗುಂಡು. 1987ರಲ್ಲಿ 28.35 ಗ್ರಾಂವರೆಗಿನ ಸೀಸದ ಗುಂಡನ್ನು ನಿಲ್ಲಿಸಿದರು. ಹಂಸ ಮತ್ತೆ ಹೆಚ್ಚಾದವು. ಗಾಳ ಹಾಕುವುದು ನಿಲ್ಲಲಿಲ್ಲ!

ಕ್ಯಾಲಿಫೋರ್ನಿಯಾದ ಕಾಂಡೋರ್ ಕಥೆ ಇನ್ನೂ ಕೆಟ್ಟದು. ದೊಡ್ಡ ರಣಹದ್ದು ಅದು. 1982ರಲ್ಲಿ ಜಗತ್ತಿನಲ್ಲೇ 22 ಉಳಿದಿದ್ದವು. ಸಾಕಿ, ಮರಿ ಮಾಡಿಸಿ, ಕಾಡಿಗೆ ಬಿಟ್ಟರೆ ಬೇಟೆಗಾರರು ಬಿಟ್ಟುಹೋದ, ಗುಂಡಿನ ಚೂರಿದ್ದ ಕರುಳು ತಿಂದು ಸೀಸದಿಂದ ಸಾಯುತ್ತಿದ್ದವು. 2019ರ ಜುಲೈಯಿಂದ ಆ ರಾಜ್ಯದಲ್ಲಿ ಬೇಟೆಗೆ ಸೀಸದ ಗುಂಡು ಪೂರ್ತಿ ಬಂದ್.

ಮಾಲಿಂ ಜೆಟ್ಟಿ ಕಾಕಾ

ನಾನು ಅಂಕೋಲಾದವನು. ಮಾಲಿಂನಲ್ಲಿ ಬಲೆ ಕೆಲಸ ಮಾಡಿಯೇ ಮೂವತ್ತು ವರ್ಷ ಕಳೆದೆ. ಹಂಸ, ಹದ್ದು ಎಲ್ಲ ಸರಿ ಮಾರಾಯ್ರೆ. ಬಲೆಯ ಬಗ್ಗೆ ಯಾರೂ ಮಾತೇ ಎತ್ತಲಿಲ್ಲ.

ಬೀಸುಬಲೆಯ ಅಂಚಿಗೆ ಸುತ್ತ ಸೀಸದ ಮಣಿ ಇರ್ತದೆ. ಅದಿದ್ದರೇ ಬಲೆ ಹೂವಿನ ಹಾಗೆ ಬಿಚ್ಚಿಕೊಂಡು ಒಂದೇ ಸಲ ತಳ ಕಚ್ಚುವುದು. ಕಬ್ಬಿಣ ಹಾಕಿ ನೋಡಿದವರಿದ್ದಾರೆ. ಉಪ್ಪುನೀರಿಗೆ ಒಂದೇ ಮಳೆಗಾಲದಲ್ಲಿ ತುಕ್ಕು ಹಿಡಿದು, ಆ ತುಕ್ಕಿನ ಚೂಪು ನೂಲನ್ನೇ ಕೊಯ್ಯುತ್ತದೆ. ಸೀಸ ಮೆತ್ತಗೆ. ಸುತ್ತಿಗೆಯಲ್ಲಿ ಎರಡೇಟು ಕೊಟ್ಟರೆ ಹಗ್ಗಕ್ಕೆ ಕಚ್ಚಿ ಕೂರ್ತದೆ. ಬಲೆ ಹರಿದರೆ ಮಣಿ ಬಿಡಿಸಿ ಹೊಸ ಬಲೆಗೆ ಹಾಕ್ತೇವೆ. ನನ್ನ ಅಪ್ಪನ ಬಲೆಯ ಮಣಿ ಇವತ್ತಿಗೂ ನನ್ನ ಬಲೆಯಲ್ಲಿದೆ. ಬಿಸಾಡುವವರು ನಾವಲ್ಲ.

ಅಜ್ಜನ ಕಾಲದಲ್ಲಿ ಸುಟ್ಟ ಮಣ್ಣಿನ ಮಣಿ ಇತ್ತು, ನಿಜ. ಈಗ ಅದನ್ನು ಸುಟ್ಟು ಕೊಡುವವರು ಯಾರು? ನಾಳೆ ಕಾನೂನು ಬಂದರೆ ಮೊದಲು ದಂಡ ಬೀಳುವುದು ಜೆಟ್ಟಿಯಲ್ಲಿ ಕೂತವನಿಗೆ. ಗುಜರಿ ಭಟ್ಟಿಯವನಿಗಲ್ಲ. ಗುಮಾಸ್ತರ ಮಾತಿನಲ್ಲಿ ಅಷ್ಟು ಮಾತ್ರ ಸತ್ಯ.

ಬಾಲೇವಾಡಿ ಅಮ್ಮ (ಪುಣೆ)

ಶೂಟಿಂಗ್ ಕಡೆಯಿಂದ ಯಾರೂ ಬರೆದಿಲ್ಲ, ಹಾಗಾಗಿ ನಾನೇ ಬರೆಯುತ್ತೇನೆ. ಮಗಳು 10 ಮೀಟರ್ ಏರ್ ರೈಫಲ್ ಆಡುತ್ತಾಳೆ. 2024ರಲ್ಲಿ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಕೊಲ್ಹಾಪುರದ ಸ್ವಪ್ನಿಲ್ ಕುಸಾಳೆ 50 ಮೀಟರ್ ತ್ರೀ ಪೊಸಿಷನ್ಸ್‌ನಲ್ಲಿ ಕಂಚು ಗೆದ್ದ ಮೇಲೆ ನಮ್ಮ ರೇಂಜಿನಲ್ಲಿ ಮಕ್ಕಳಿಗೆ ಲೇನ್ ಸಿಗುವುದೇ ಕಷ್ಟವಾಗಿದೆ.

ಪೆಲೆಟ್ (ಏರ್ ರೈಫಲ್ಲಿನ ಸಣ್ಣ ಸೀಸದ ಗುಂಡು) ಒಂದಕ್ಕೆ ಅರ್ಧ ಗ್ರಾಂ. ಮ್ಯಾಚಿನಲ್ಲಿ 60 ಹೊಡೆತ, ಅಂದರೆ 30 ಗ್ರಾಂ ಸೀಸ. ಅಭ್ಯಾಸದಲ್ಲಿ ಅದರ ಎರಡು ಮೂರು ಪಟ್ಟು. ಆದರೆ ಅದೆಲ್ಲ ಗುರಿಯ ಹಿಂದಿನ ಕಬ್ಬಿಣದ ಪೆಟ್ಟಿಗೆಯಲ್ಲಿ ಬೀಳುತ್ತೆ. ತೂಕಕ್ಕೆ ಹಾಕಿ ಮಾರುತ್ತಾರೆ, ಮಣ್ಣಿಗೆ ಹೋಗಲ್ಲ. ಬಯಲಲ್ಲಿ ಹಾರುವ ಬಿಲ್ಲೆಗೆ ಹೊಡೆಯುವ ಸ್ಕೀಟ್, ಟ್ರ್ಯಾಪ್ ಆಟದ ಕಥೆ ಬೇರೆ. ಅಲ್ಲಿ ಒಂದು ಕಾರ್ಟ್ರಿಜ್‌ಗೆ 24 ಗ್ರಾಂ ಚರೆ. ಸ್ಕೀಟ್‌ನಲ್ಲಿ 125 ಬಿಲ್ಲೆಗೆ ಹೊಡೆದರೆ ಒಬ್ಬ ಆಟಗಾರನಿಂದಲೇ 3 ಕಿಲೋ ಸೀಸ ಹುಲ್ಲಿನ ಮೇಲೆ ಹರಡುತ್ತೆ. ಯುರೋಪಿನ 57% ಎಲ್ಲಿಂದ ಬಂತು ಅಂತ ಈಗ ಗೊತ್ತಾಯಿತಲ್ವಾ.

ತವರದ ಪೆಲೆಟ್ ಬಂದಿದೆ. ಒಂದು ಡಬ್ಬಿ ತರಿಸಿ ನೋಡಿದೆವು. ಸೀಸದ ಸಾಂದ್ರತೆ 11.3, ತವರದ್ದು 7.3. ಹಗುರ, ಗಟ್ಟಿ. ಮಗಳ ಬ್ಯಾರಲ್‌ನಲ್ಲಿ ಹತ್ತಕ್ಕೆ ಹತ್ತು ಒಂದೇ ತೂತಿನಲ್ಲಿ ಕೂರುತ್ತಿದ್ದದ್ದು ತವರದಲ್ಲಿ ಚದುರಿತು. ಒಂದು ಅಂಕದ ಹತ್ತನೇ ಒಂದು ಪಾಲಿಗೆ ಪದಕ ತಪ್ಪುವ ಆಟ ಇದು. ಅಂತರರಾಷ್ಟ್ರೀಯ ನಿಯಮ ಸೀಸವೇ ಬೇಕು ಅನ್ನಲ್ಲ, ಸೀಸ ಅಥವಾ ಅಂಥದ್ದೇ ಮೆತ್ತನೆ ವಸ್ತು ಅನ್ನುತ್ತೆ ಅಷ್ಟೇ. ಆದರೆ ಎದುರಾಳಿ ಸೀಸ ಹಾಕುವಾಗ ನನ್ನ ಮಗಳು ಮಾತ್ರ ಯಾಕೆ ತವರ ಹಾಕಬೇಕು? ತಂದರೆ ಎಲ್ಲರಿಗೂ ಒಂದೇ ದಿನ ತರಲಿ.

ವೈದ್ಯೆ, ಮಡಗಾಂವ್

ಬೈನಾದವರೇ, ನಿಮ್ಮ ಡಾಕ್ಟರಮ್ಮನಿಗೆ ನನ್ನ ಕಡೆಯಿಂದ ಒಂದು ನಮಸ್ಕಾರ ಹೇಳಿ. ಕೈ ನೋಡಿ ಗುರುತು ಹಿಡಿಯುವವರು ಕಡಿಮೆ.

ಸೀಸಕ್ಕೆ 'ಇಷ್ಟಿದ್ದರೆ ಪರವಾಗಿಲ್ಲ' ಅನ್ನುವ ಮಟ್ಟವೇ ಇಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತೆ. 5 ಮೈಕ್ರೋಗ್ರಾಂ ಮುಟ್ಟಿದರೆ ಎಲ್ಲಿಂದ ಬರ್ತಿದೆ ಅಂತ ಹುಡುಕಿ, ಮೂಲ ನಿಲ್ಲಿಸಬೇಕು. 14ಕ್ಕೆ ಔಷಧಿಯಿಂದ ಸೀಸ ತೆಗೆಯುವ ಚಿಕಿತ್ಸೆ ಬೇಕಾಗಲ್ಲ. ಅದು 45 ದಾಟಿದವರಿಗೆ. ನಿಮಗೆ ಬೇಕಾಗಿರುವುದು ಮೂಲ ನಿಲ್ಲಿಸುವುದು, ಕಬ್ಬಿಣಾಂಶ, ಕ್ಯಾಲ್ಸಿಯಂ ಚೆನ್ನಾಗಿರುವ ಊಟ, ಮತ್ತೆ ರಕ್ತ ಪರೀಕ್ಷೆ. ದೊಡ್ಡವರಿಗಿಂತ ಸಣ್ಣ ಮಕ್ಕಳ ಕರುಳು ನಾಲ್ಕೈದು ಪಟ್ಟು ಜಾಸ್ತಿ ಸೀಸ ಹೀರುತ್ತೆ. ಹಾಗಾಗಿ ನಿಮ್ಮದೂ ನಿಮ್ಮ ಹೆಂಡತಿಯದೂ ನೋಡಿಸಿ, ಆದರೆ ಚಿಂತೆ ಮಾಡಬೇಕಾದ್ದು ಹುಡುಗನದ್ದು.

ಒಂದು ಪ್ರಶ್ನೆ. ಎರಕ ಎಲ್ಲಿ ಹಾಕ್ತಿದ್ರಿ, ಯಾವ ಪಾತ್ರೆಯಲ್ಲಿ? ಸುಮ್ನೆ ಕೇಳ್ತಿಲ್ಲ.

ಬೈನಾ ಗಾಳದವ (ವಾಸ್ಕೋ)

ಮೇಡಂ, ಇದನ್ನು ಬರೆಯಬಾರದು ಅಂತಲೇ ಇದ್ದೆ. ಕೇಳಿಬಿಟ್ಟಿರಿ.

ಟೈರ್ ಅಂಗಡಿಯಿಂದ ವೀಲ್ ಬ್ಯಾಲೆನ್ಸಿಂಗ್ ತೂಕದ ಹಳೇ ತುಂಡು ಕಿಲೋ ಲೆಕ್ಕದಲ್ಲಿ ತರುತ್ತಿದ್ದೆ. ಬಾಲ್ಕನಿಯಲ್ಲಿ ಸೀಮೆಎಣ್ಣೆ ಪಂಪ್ ಸ್ಟವ್. ಮೇಲೆ ಹಳೇ ಕಬ್ಬಿಣದ ಸಟ್ಟುಗ. 327 ಡಿಗ್ರಿಗೆಲ್ಲ ಕರಗುತ್ತೆ, ನೋಡೋಕೆ ಪಾದರಸದ ಹಾಗೆ. ಮೇಲೆ ಬೂದುಬಣ್ಣದ ಕೆನೆ ಕಟ್ಟುತ್ತೆ, ಅದನ್ನು ಚಮಚದಲ್ಲಿ ತೆಗೆದು ಮೂಲೆಗೆ ತಟ್ಟುತ್ತಿದ್ದೆ. ಅದೇ ಪುಡಿಯಾಗಿ ಬಾಲ್ಕನಿ ತುಂಬಾ. ಹುಡುಗ ಅಲ್ಲೇ ಕಾರು ಆಡ್ತಿದ್ದ.

ಅಚ್ಚು ಯಾವುದು ಅಂದರೆ, ಪಡ್ಡಿನ ಹಂಚು. ಹೌದು. ಹಿಡಿ ಮುರಿದಿದ್ದ ಏಳು ಗುಳಿಯ ಹಂಚು, ಹೆಂಡತಿ ಗುಜರಿಗೆ ಹಾಕಿ ಅಂದಿದ್ದಳು. ಗುಳಿಗೆ ಸ್ವಲ್ಪ ಸೀಸ ಸುರಿದು, ಬಗ್ಗಿಸಿದ ತಂತಿ ಅದರಲ್ಲಿ ಇಟ್ಟರೆ ತಣ್ಣಗಾದ ಮೇಲೆ 60 ಗ್ರಾಂ ಗುಂಡು ಚೆಂದವಾಗಿ ಬೀಳುತ್ತೆ. ಕಬ್ಬಿಣಕ್ಕೆ ಅಂಟಲ್ಲ. ನನಗೆ ಬಹಳ ಹೆಮ್ಮೆ ಇತ್ತು ಈ ಐಡಿಯಾ ಬಗ್ಗೆ.

ಗಣಪತಿ ಹಬ್ಬಕ್ಕೆ ಊರಿಂದ ಅವ್ವ ಬಂದಿದ್ದಳು. ನಾನು ಡ್ಯೂಟಿಗೆ ಹೋಗಿದ್ದೆ. ಬಾಲ್ಕನಿಯಲ್ಲಿ ಹಂಚು ನೋಡಿ "ಎಂಥಾ ಹಳೇ ಹಂಚ ಹೊರಗ ಒಗದಾರ" ಅಂತ ಹುಣಸೆಹಣ್ಣು ಹಾಕಿ ತಿಕ್ಕಿ ತೊಳೆದು, ಇಕ್ಕಳ ಹಿಡಿದು ಮೊಮ್ಮಗನಿಗೆ ಪಡ್ಡು ಹಾಕಿದಳು. ಒಂದು ದಿನ ಅಲ್ಲ. ಹದಿನೈದು ದಿನ ಇದ್ದಳು.

ಹಕ್ಕಿ ಹಿಂದೆ (ಠಾಣೆ)

ಅಯ್ಯೋ ದೇವರೇ.

ವೈದ್ಯೆ, ಮಡಗಾಂವ್

ಹುಣಸೆಹುಳಿ ಸೀಸವನ್ನು ಇನ್ನಷ್ಟು ಕರಗಿಸುತ್ತೆ. ಪಡ್ಡಿನ ಹಿಟ್ಟೂ ಹುಳಿ. ನಿಮ್ಮ ಅವ್ವನದೂ ಪರೀಕ್ಷೆ ಆಗಲಿ. ಅವರಿಗೆ ತಪ್ಪು ಅಂತ ಅನ್ನಿಸದ ಹಾಗೆ ಹೇಳಿ.

ಬಾಲ್ಕನಿ ಪೊರಕೆಯಲ್ಲಿ ಗುಡಿಸಬೇಡಿ, ಪುಡಿ ಮೇಲೇಳುತ್ತೆ. ಒದ್ದೆ ಬಟ್ಟೆಯಲ್ಲಿ ಒರೆಸಿ, ಆ ಬಟ್ಟೆ ಬಿಸಾಡಿ. ಹುಡುಗನ ಆಟದ ಸಾಮಾನು ಸೋಪು ನೀರಲ್ಲಿ ತೊಳೆಯಿರಿ.

ಗುಮಾಸ್ತರಿಗೂ ಒಂದು ಮಾತು. 2020ರಲ್ಲಿ ಯುನಿಸೆಫ್ ಮತ್ತು ಪ್ಯೂರ್ ಅರ್ಥ್ ಅನ್ನುವ ಸಂಸ್ಥೆ ಕೊಟ್ಟ ವರದಿಯಲ್ಲಿ ಜಗತ್ತಿನ 80 ಕೋಟಿ ಮಕ್ಕಳ ರಕ್ತದಲ್ಲಿ 5 ಅಥವಾ ಅದಕ್ಕಿಂತ ಜಾಸ್ತಿ ಸೀಸ ಇದೆ ಅಂತ ಅಂದಾಜಿತ್ತು. ಅದರಲ್ಲಿ 27.5 ಕೋಟಿ ನಮ್ಮ ದೇಶದ ಮಕ್ಕಳು. ಬ್ಯಾಟರಿಯೇ ದೊಡ್ಡ ಕಳ್ಳ, ಒಪ್ಪುತ್ತೇನೆ. ಆದರೆ ದೊಡ್ಡ ಕಳ್ಳ ಸಿಗುವವರೆಗೂ ಸಣ್ಣ ಕಳ್ಳನಿಗೆ ಬಾಗಿಲು ತೆಗೆದಿಡಬೇಕಾ?

ಪಣಜಿ ಗುಮಾಸ್ತ

ಮೇಡಂ, ಬಾಗಿಲು ಹಾಕೋಣ. ಯಾವ ಬಾಗಿಲು ಅನ್ನುವುದೇ ನನ್ನ ಪ್ರಶ್ನೆ. ಈ ಹುಡುಗನಿಗೆ ಸೀಸ ಬಂದಿದ್ದು ಗಾಳದ ಗುಂಡು ನೀರಿಗೆ ಬಿದ್ದಿದ್ದರಿಂದ ಅಲ್ಲ, ಮನೆಯಲ್ಲಿ ಕರಗಿಸಿದ್ದರಿಂದ. ಅಂಗಡಿಯಲ್ಲಿ ಮಾರುವುದನ್ನು ನಿಲ್ಲಿಸಿದರೆ ಜನ ಮನೆಯಲ್ಲಿ ಕರಗಿಸುವುದು ಜಾಸ್ತಿಯೇ ಆಗುತ್ತೆ! ಹಾಗಾದರೆ ನಿಷೇಧ ಉಲ್ಟಾ ಹೊಡೆಯಲ್ವಾ?

(ಪಡ್ಡಿನ ವಿಷಯ ಓದಿ ಹೊಟ್ಟೆ ತೊಳಸಿತು ಅಣ್ಣ. ನಕ್ಕಿದ್ದಕ್ಕೆ ಕ್ಷಮಿಸಿ.)

ಕೋವಿ ಮನೆ (ಮುಲುಂಡ್)

ಒಳ್ಳೇ ಪ್ರಶ್ನೆ. ನಮ್ಮದು ಕೊಡಗು, ಮುಲುಂಡ್‌ನಲ್ಲಿ ಎಂಟು ವರ್ಷ. ನಮ್ಮ ಕಡೆ ಕೋವಿಗೆ ಲೈಸೆನ್ಸ್ ವಿನಾಯಿತಿ ಇದೆ, 2019ರಲ್ಲಿ ಕೇಂದ್ರ ಅದನ್ನು 2029ರವರೆಗೆ ಮುಂದುವರಿಸಿದೆ. ಬೇಟೆ ಇಲ್ಲ. ಕೈಲ್ ಮುಹೂರ್ತ ಹಬ್ಬಕ್ಕೆ ಕೋವಿ ಪೂಜೆ, ಆಮೇಲೆ ಮರದ ತುದಿಗೆ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ. ನಾನೂ ಹೊಡೆದಿದ್ದೇನೆ, ಕಾಯಿ ಮಾತ್ರ ಇವತ್ತಿಗೂ ಅಲ್ಲೇ ಇದೆ.

ಇವತ್ತಿನವರೆಗೆ ಆ ಗುಂಡೆಲ್ಲ ಎಲ್ಲಿ ಹೋಗುತ್ತೆ ಅಂತ ಯೋಚಿಸಿರಲಿಲ್ಲ. ಕಾಫಿ ತೋಟಕ್ಕೆ, ಇನ್ನೆಲ್ಲಿಗೆ. ಅದು ವರ್ಷಕ್ಕೊಂದು ದಿನ, ಇರಲಿ. ಆದರೆ ಸೀಸದ ಬದಲು ಉಕ್ಕಿನ ಚರೆ ಅಂತ ಸುಲಭವಾಗಿ ಹೇಳುವವರಿಗೆ ಒಂದು ಮಾತು. ಉಕ್ಕು ಗಟ್ಟಿ. ತಾತನ ಕಾಲದ ಕೋವಿಯ ನಳಿಗೆಗೆ ಹಾಕಿದರೆ ನಳಿಗೆಯೇ ಹಾಳಾಗಬಹುದು. ಕಲ್ಲಿಗೆ ಬಡಿದರೆ ತಿರುಗಿ ಬರುತ್ತೆ. ಬಿಸ್ಮತ್ ಮೆತ್ತಗಿದೆ, ತೂಕವೂ ಸೀಸಕ್ಕೆ ಹತ್ತಿರ. ಆದರೆ ಬೆಲೆ ಕೇಳಿದರೆ ಕಾಯಿಗೆ ಹೊಡೆಯುವ ಆಸೆ ಹೋಗುತ್ತೆ.

ಡೆನ್ಮಾರ್ಕ್‌ನವರು 1996ರಲ್ಲೇ ಸೀಸದ ಚರೆ ಬಿಟ್ಟರು, ಅವರ ಬೇಟೆ ಇನ್ನೂ ನಡೆಯುತ್ತಿದೆ. ಆದರೆ ಅಲ್ಲಿ ಅಂಗಡಿಯಲ್ಲಿ ಬದಲಿ ಮಾಲು ಇತ್ತು. ನಮ್ಮಲ್ಲಿ ಮೊದಲು ಅದು ಬರಲಿ.

ಹಕ್ಕಿ ಹಿಂದೆ (ಠಾಣೆ)

ಬದಲಿ ಮಾಲು ತಾನಾಗಿ ಬರಲ್ಲ ಅಣ್ಣ. ತಾರೀಕು ಗೊತ್ತು ಮಾಡಿದರೆ ಬರುತ್ತೆ. ಅಮೆರಿಕಾದಲ್ಲಿ 1991ರಲ್ಲಿ ನೀರುಹಕ್ಕಿ ಬೇಟೆಗೆ ಸೀಸ ಬಂದ್ ಆಯಿತು. ಆಗಲೂ ಉಕ್ಕಿನ ಚರೆ ಕೆಲಸಕ್ಕೆ ಬಾರದು ಅಂತ ಗಲಾಟೆ ಆಗಿತ್ತು. ಯುರೋಪಿನಲ್ಲಿ ಜೌಗು ಪ್ರದೇಶದಲ್ಲಿ ಸೀಸದ ಚರೆ 2023ರ ಫೆಬ್ರವರಿ 15ರಿಂದ ಬಂದ್. ಉಳಿದದ್ದರ ಕರಡನ್ನು 2025ರ ಫೆಬ್ರವರಿಯಲ್ಲಿ ಮುಂದಿಟ್ಟರು, ಅದರ ಮೇಲೂ ಎಳೆದಾಟ ನಡೆಯಿತು.

ನಮ್ಮ ಕಡೆಗೆ ಬಂದರೆ, ಗೋವಾದ ನಂದಾ ಕೆರೆ 2022ರಲ್ಲಿ ರಾಮ್ಸಾರ್ ಪಟ್ಟಿಗೆ, ಅಂದರೆ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ಪಟ್ಟಿಗೆ ಸೇರಿತು. ಕರಮಳಿ ಕೆರೆಗೆ ಚಳಿಗಾಲದಲ್ಲಿ ಬಾತುಗಳು ಬರುತ್ತವೆ. ಕೆರೆ, ಸಿಹಿನೀರಿನ ಜಾಗದಲ್ಲಿ ಸಣ್ಣ ಸೀಸ ಬೇಡ ಅಂತ ಮಾಡಿದರೆ ಯಾರ ಹೊಟ್ಟೆಯ ಮೇಲೂ ಹೊಡೆದ ಹಾಗಾಗಲ್ಲ. ಕಾಕಾ ಅವರ ಬಲೆಗೆ ಯಾರೂ ಕೈ ಹಾಕಬೇಕಿಲ್ಲ.

ಮಾಲಿಂ ಜೆಟ್ಟಿ ಕಾಕಾ

ಅಷ್ಟಾದರೆ ನನ್ನದೇನೂ ತಕರಾರಿಲ್ಲ.

ಆದರೆ ಗಾಳದ ಹುಡುಗರಿಗೆ ಒಂದು ಹೇಳ್ತೇನೆ. ಬೇತಿಂ ದಂಡೆಯಲ್ಲಿ ನೋಡ್ತಿರ್ತೇನೆ. ಸೀಳಿದ ಸಣ್ಣ ಗುಂಡನ್ನು ನೈಲಾನ್ ದಾರಕ್ಕೆ ಹಾಕಿ ಹಲ್ಲಲ್ಲಿ ಕಚ್ಚಿ ಮುಚ್ಚುತ್ತಾರೆ. ಇಕ್ಕಳ ಕಿಸೆಯಲ್ಲೇ ಇರ್ತದೆ. ಇನ್ನು ಮೇಲೆ ಕಂಡರೆ ನಾನೇ ಬೈಯುತ್ತೇನೆ.

ಬಾಲೇವಾಡಿ ಅಮ್ಮ (ಪುಣೆ)

ಕಾಕಾ, ನಿಮ್ಮ ಮಾತು ಓದಿ ನನಗೆ ಧಸಕ್ಕೆಂದಿತು. ಮಗಳು ಪೆಲೆಟ್ ಖಾಲಿಯಾದ ಡಬ್ಬಿಯಲ್ಲಿ ಹೇರ್‌ಪಿನ್ ಇಟ್ಟುಕೊಳ್ಳುತ್ತಾಳೆ. ಬೆಳಗ್ಗೆ ಜಡೆ ಹಾಕುವಾಗ ಆ ಪಿನ್‌ಗಳನ್ನು ಒಂದೊಂದಾಗಿ ಬಾಯಲ್ಲಿ ಕಚ್ಚಿ ಹಿಡಿಯುತ್ತಾಳೆ. 500 ಪೆಲೆಟ್ ಇದ್ದ ಡಬ್ಬಿ. ಒಳಗೆ ಬೆರಳಾಡಿಸಿ ನೋಡಿದೆ, ಪೆನ್ಸಿಲ್ ಮೊನೆ ಉಜ್ಜಿದ ಹಾಗೆ ಕಪ್ಪು ಹತ್ತಿತು.

ನಾನು ಮೇಲೆ ಎಲ್ಲ ಪೆಟ್ಟಿಗೆಯಲ್ಲಿ ಬೀಳುತ್ತೆ ಅಂತ ದೊಡ್ಡದಾಗಿ ಬರೆದೆ, ಅಲ್ವಾ. ಬೆರಳಿನ ಮಾತೇ ಬರೆಯಲಿಲ್ಲ. ರೇಂಜಿನಲ್ಲಿ ಕೂತಲ್ಲೇ ವಡಾಪಾವ್ ತಿನ್ನುತ್ತಾರೆ ಮಕ್ಕಳು. ನಾನೇ ತಂದುಕೊಡುತ್ತೇನೆ.

ವೈದ್ಯೆ, ಮಡಗಾಂವ್

ಡಬ್ಬಿ ಬಿಸಾಡಿ, ಪಿನ್ನೂ ಬಿಸಾಡಿ. ತಿನ್ನುವ ಮೊದಲು ಸೋಪಿನಲ್ಲಿ ಕೈ, ಸ್ಯಾನಿಟೈಸರ್ ಸೀಸ ತೆಗೆಯಲ್ಲ. .22 ರೈಫಲ್ ಹೊಡೆಯುವ ಒಳಾಂಗಣ ರೇಂಜ್ ಆಗಿದ್ದರೆ ಇನ್ನೂ ಹುಷಾರು. ಅಲ್ಲಿ ಗುಂಡಿನ ಹಿಂದಿನ ಕಿಡಿಮದ್ದಿನಲ್ಲೂ ಸೀಸ ಇರುತ್ತೆ, ಅದು ಹೊಗೆಯಾಗಿ ಉಸಿರಿಗೆ ಹೋಗುತ್ತೆ.

ಬೈನಾ ಗಾಳದವ (ವಾಸ್ಕೋ)

ಎಲ್ಲರಿಗೂ ಉತ್ತರ ಒಂದೇ ಕಡೆ ಬರೆಯುತ್ತೇನೆ.

ಗುಮಾಸ್ತರೇ, ನಿಮ್ಮ ಪ್ರಶ್ನೆ ಎರಡು ದಿನ ತಲೆಯಲ್ಲಿ ಸುತ್ತಿತು. ನಾನು ಎರಕ ಹಾಕಿದ್ದು ಯಾಕೆ? ಅಂಗಡಿಯ ಗುಂಡು ದುಬಾರಿ, ಬಂಡೆಯಲ್ಲಿ ಒಂದು ಬೆಳಗ್ಗೆಗೆ ನಾಲ್ಕೈದು ಕಳೆಯುತ್ತೆ. ಕಳೆಯುವ ವಸ್ತುವಿಗೆ ದುಡ್ಡು ಯಾಕೆ ಅಂತ. ಈಗ ಅದೇ ಲೆಕ್ಕ ಹಾಕಿ ಮೆಕ್ಯಾನಿಕ್ ಹತ್ತಿರ ಹಳೇ ಸ್ಪಾರ್ಕ್ ಪ್ಲಗ್ ತಂದೆ. ಚೀಲ ತುಂಬ ಪುಕ್ಕಟೆ. ಸೀಸದಷ್ಟು ದೂರ ಹೋಗಲ್ಲ, ಗಾಳಿಗೆ ವಾಲುತ್ತೆ, ಎಸೆದಾಗ ಸುಂಯ್ ಅಂತ ಸದ್ದು. ದೊಡ್ಡ ನಟ್ಟು ಕಟ್ಟಿದರೆ ಪರವಾಗಿಲ್ಲ. ತುಕ್ಕು ಹಿಡಿದರೆ ಹಿಡಿಯಲಿ, ಹೇಗೂ ಬಂಡೆ ಸಂದಿಗೆ ಹೋಗುವುದೇ. ಅಂದರೆ ನನ್ನಂಥವನಿಗೆ ಬದಲಿ ಇದೆ, ನಿಷೇಧ ಬಂದರೂ ನಡೆಯುತ್ತೆ. ಕಾಕಾ ಬಲೆಗೆ ಬದಲಿ ಇಲ್ಲ. ಇಬ್ಬರಿಗೂ ಒಂದೇ ಕಾನೂನು ಅಂದರೆ ನಾನೂ ವಿರೋಧ ಮಾಡುತ್ತೇನೆ.

ಅವ್ವನಿಗೆ ಫೋನಿನಲ್ಲಿ ಹೇಳಿದೆ. ಮೇಡಂ ಹೇಳಿದ ಹಾಗೆ ನನ್ನದೇ ತಪ್ಪು ಅಂದೆ. ಸುಮಾರು ಹೊತ್ತು ಮಾತೇ ಆಡಲಿಲ್ಲ. ಆಮೇಲೆ, "ಮತ್ತ ನೀನೂ ತಿಂದಿಯಲ್ಲೋ, ನಿನ್ನ ರಕ್ತ ತೋರಿಸಿಯೇನು?" ಅಂದಳು. ತೋರಿಸಿದ್ದೇನೆ, 19 ಬಂತು. ಹೆಂಡತಿಯದು 8. ಹುಡುಗನದು ಮುಂದಿನ ತಿಂಗಳು ಮತ್ತೆ ನೋಡಬೇಕು. ಊಟ ಸ್ವಲ್ಪ ಸೇರುತ್ತಿದೆ.

ಇನ್ನೂ ನಾಲ್ಕು ಕಿಲೋ ಸೀಸ ಉಳಿದಿದೆ, ಪೇಂಟ್ ಡಬ್ಬಿಯಲ್ಲಿ ಮುಚ್ಚಳ ಹಾಕಿಟ್ಟಿದ್ದೇನೆ. ಗುಜರಿಗೆ ಕೊಟ್ಟರೆ ಮತ್ತೆ ಯಾರದೋ ಹಿತ್ತಲಿಗೆ ಹೋಗುತ್ತೆ. ಏನು ಮಾಡಲಿ?

ಮಾಲಿಂ ಜೆಟ್ಟಿ ಕಾಕಾ

ಇಲ್ಲಿಗೆ ತಾ. ಎರಕ ಹೊಯ್ದ ಗುಂಡು ಇದ್ದರೆ ಸುತ್ತಿಗೆಯಲ್ಲಿ ಬಡಿದು ಬಲೆಗೆ ಹಾಕಿಕೊಳ್ತೇನೆ, ಕರಗಿಸುವ ಕೆಲಸವೇ ಇಲ್ಲ. ಕೈಗವಸು ಹಾಕ್ತೇನೆ, ಡಾಕ್ಟರಮ್ಮ ಬೈಯಬೇಡಿ.

ಹಂಚು ಮಾತ್ರ ತರಬೇಡ.

ಬೈನಾ ಗಾಳದವ (ವಾಸ್ಕೋ)

ಹಂಚು ಗುಜರಿಗೂ ಕೊಟ್ಟಿಲ್ಲ ಕಾಕಾ, ಯಾರಾದರೂ ತೊಳೆದು ಮತ್ತೆ ಒಲೆ ಮೇಲೆ ಇಟ್ಟುಬಿಟ್ಟರೆ ಅಂತ. ಏಳು ಗುಳಿಗೂ ಡ್ರಿಲ್‌ನಲ್ಲಿ ತೂತು ಹೊಡೆದಿಟ್ಟಿದ್ದೇನೆ. ಭಾನುವಾರ ಬೆಳಗ್ಗೆ ಮಾಲಿಂಗೆ ಬರುತ್ತೇನೆ, ಡಬ್ಬಿ ತರುತ್ತೇನೆ.